ಎದ್ದು ಕಾಣದ ಹುಡುಗಿಗಾಗಿ ಬರೆದ ಪತ್ರ

ಸೂರತ್ತಿನ ಒಂದು ಶಾಲೆಯಲ್ಲಿ ನಾನು ಹನ್ನೊಂದು, ಹನ್ನೆರಡನೇ ತರಗತಿಗಳಿಗೆ ಭೌತಶಾಸ್ತ್ರ ಕಲಿಸುತ್ತೇನೆ. ಗಂಡ ಕೇಂದ್ರ ಸರ್ಕಾರದ ಕಂಪನಿಯಲ್ಲಿ ಇಂಜಿನಿಯರು. ಮೈಸೂರು ಬಿಟ್ಟ ಮೇಲೆ ಏಳು ವರ್ಷ ವಡೋದರಾದಲ್ಲಿದ್ದೆವು, ಆಮೇಲೆ ಇಲ್ಲಿಗೆ ವರ್ಗವಾಯಿತು. ಪಾಠ, ಪ್ರಯೋಗಾಲಯ, ಉತ್ತರಪತ್ರಿಕೆಗಳ ಜೊತೆಗೆ ಈಚಿನ ವರ್ಷಗಳಲ್ಲಿ ಇನ್ನೊಂದು ಕೆಲಸ ಸೇರಿಕೊಂಡಿದೆ. ಮಕ್ಕಳಿಗೆ ಶಿಫಾರಸು ಪತ್ರ ಬರೆಯುವುದು.

ಮೊದಲು ನಮ್ಮ ಮಕ್ಕಳು ಅಂಕ ತೆಗೆದು, ಪ್ರವೇಶ ಪರೀಕ್ಷೆ ಬರೆದು ಕಾಲೇಜಿಗೆ ಹೋಗುತ್ತಿದ್ದರು. ಈಗಲೂ ಹೆಚ್ಚಿನವರು ಹಾಗೇ ಹೋಗುತ್ತಾರೆ. ಆದರೆ ಕೆಲವರಿಗೆ ಬೇಕಾಗಿರುವುದು ಸೀಟು ಕಡಿಮೆ, ಅರ್ಜಿ ಬಹಳ ಇರುವ ದೊಡ್ಡ ಖಾಸಗಿ ವಿಶ್ವವಿದ್ಯಾಲಯಗಳು. ಅಲ್ಲಿ ಅಂಕ ಸಾಲದು. ತನ್ನ ಬಗ್ಗೆ ಪ್ರಬಂಧ ಬರೆಯಬೇಕು, ಶಾಲೆಯ ಹೊರಗೆ ಏನೇನು ಮಾಡಿದೆ ಎಂದು ಪಟ್ಟಿ ಕೊಡಬೇಕು, ಸಂದರ್ಶನಕ್ಕೆ ಹೋಗಬೇಕು. ಕಲಿಸಿದ ಟೀಚರೊಬ್ಬರು ಪತ್ರ ಬರೆದು ನೇರವಾಗಿ ಅವರಿಗೇ ಕಳುಹಿಸಬೇಕು. ಆ ಪತ್ರದಲ್ಲಿ ಏನಿದೆಯೆಂದು ವಿದ್ಯಾರ್ಥಿಗೆ ಗೊತ್ತಾಗಬಾರದು.

ನಾನು ಇಂಥ ಪತ್ರಗಳನ್ನು ಬೇಗ ಬರೆದು ಮುಗಿಸುವುದನ್ನು ಕಲಿತಿದ್ದೆ. ಕುತೂಹಲ, ಪರಿಶ್ರಮ, ನಾಯಕತ್ವ ಎಂಬ ಮೂರು ಮಾತು ಎಲ್ಲ ಪತ್ರಗಳಲ್ಲೂ ಇರುತ್ತಿದ್ದವು. ಒಬ್ಬನಿಗೆ ಬರೆದ ವಾಕ್ಯ ಮುಂದಿನ ವರ್ಷ ಇನ್ನೊಬ್ಬಳ ಪತ್ರದಲ್ಲಿ ಇದ್ದದ್ದೂ ಉಂಟು. ಅದರಲ್ಲಿ ತಪ್ಪೇನಾದರೂ ಇದೆ ಎಂದು ನನಗೆ ಅನ್ನಿಸಿರಲಿಲ್ಲ.

ಶಾಲೆಯವರು ಈ ಮಕ್ಕಳಿಗಾಗಿ ಅಹಮದಾಬಾದಿನಿಂದ ಒಬ್ಬ ಸಲಹೆಗಾರರನ್ನು ಕರೆಸುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ಶನಿವಾರ ಬೆಳಗಿನ ರೈಲಿಗೆ ಬಂದು ಗ್ರಂಥಾಲಯದಲ್ಲಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡುತ್ತಿದ್ದರು. "ನಿಮ್ಮಷ್ಟೇ ಅಂಕ ತೆಗೆದವರು ಸಾವಿರಾರು ಜನ ಇದ್ದಾರೆ. ನಿಮ್ಮ ಅರ್ಜಿಯನ್ನು ಓದುವವರಿಗೆ ಇರುವುದು ಕೆಲವೇ ನಿಮಿಷ. ಅಷ್ಟರಲ್ಲಿ ನೀವು ಎದ್ದು ಕಾಣಬೇಕು," ಎನ್ನುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಮಕ್ಕಳ ಹೆಸರು ನೆನಪಿಟ್ಟುಕೊಳ್ಳುತ್ತಿದ್ದರು, ಅಳುವವರಿಗೆ ನೀರು ತರಿಸಿಕೊಡುತ್ತಿದ್ದರು.

ಕಣ್ಣು ತಪಾಸಣೆಯ ಶಿಬಿರವೊಂದನ್ನು ನಡೆಸಿ ಎಂಬ ಸಲಹೆ ಅವರದೇ. ಸೂರತ್ತಿನ ವರಾಛಾ ಬಡಾವಣೆಯಲ್ಲಿ ವಜ್ರ ಉಜ್ಜುವ ಕಾರ್ಖಾನೆಗಳು ಬೀದಿ ಬೀದಿಗೂ ಇವೆ. ನಲವತ್ತು ದಾಟಿದ ಕೆಲಸಗಾರರಿಗೆ ಹತ್ತಿರದ್ದು ಮಸುಕಾಗತೊಡಗಿದರೆ ಕೈ ನಿಧಾನವಾಗುತ್ತದೆ, ಆದರೂ ಹಲವರು ಕನ್ನಡಕ ಮಾಡಿಸಿಕೊಳ್ಳುವುದಿಲ್ಲ. ಹನ್ನೊಂದನೇ ತರಗತಿಯ ಹನ್ನೆರಡು ಮಕ್ಕಳು ಸೇರಿ ಜನವರಿಯ ಒಂದು ಭಾನುವಾರ ಅಲ್ಲಿನ ಸಮುದಾಯ ಭವನದಲ್ಲಿ ಶಿಬಿರ ನಡೆಸಿದರು. ಮುಂದೆ ನಿಂತವಳು ಸೀರೆ ವ್ಯಾಪಾರಿಯೊಬ್ಬರ ಮಗಳು, ಆಮೇಲೆ ಶಾಲೆಯ ವಿದ್ಯಾರ್ಥಿನಾಯಕಿ, ಹೆಡ್ ಗರ್ಲ್ ಆದವಳು. ಶಾಲೆಯ ಕಡೆಯಿಂದ ಉಸ್ತುವಾರಿ ನನ್ನದಾಗಿತ್ತು.

ಕೆಲಸ ಚೆನ್ನಾಗಿಯೇ ನಡೆಯಿತು. ಹೆಡ್ ಗರ್ಲ್ ಬೆಳಗಿನಿಂದ ಸಂಜೆಯವರೆಗೆ ಕೂರಲಿಲ್ಲ. ಹೆಸರು ಬರೆಸಿದಳು, ಸಾಲು ಮಾಡಿಸಿದಳು, ಮುದುಕರಿಗೆ ಕುರ್ಚಿ ತರಿಸಿದಳು. ಅರವತ್ತಕ್ಕೂ ಹೆಚ್ಚು ಜನರಿಗೆ ಕನ್ನಡಕ ಬೇಕೆಂದು ಡಾಕ್ಟರು ಬರೆದುಕೊಟ್ಟರು. ಕನ್ನಡಕಗಳು ತಯಾರಾಗಿ ಬಂದ ಮೇಲೆ ಹಂಚುವುದೆಂದು ಮಾತಾಯಿತು. ಫೋಟೊಗಳು ಶಾಲೆಯ ಕೈಪಿಡಿಯಲ್ಲಿ ಅಚ್ಚಾದವು.

ಕನ್ನಡಕಗಳು ಬಂದದ್ದು ಮಾರ್ಚಿನಲ್ಲಿ, ವಾರ್ಷಿಕ ಪರೀಕ್ಷೆ ನಡೆಯುತ್ತಿದ್ದಾಗ. ದೊಡ್ಡ ರಟ್ಟಿನ ಪೆಟ್ಟಿಗೆ. ಒಳಗೆ ಒಂದೊಂದು ಕನ್ನಡಕಕ್ಕೂ ಒಂದೊಂದು ಕವರು, ಕವರಿನ ಮೇಲೆ ಹೆಸರು, ಕಾರ್ಖಾನೆ, ಫೋನ್ ನಂಬರು. ನಾನು ಸಹಿ ಹಾಕಿ ತೆಗೆದುಕೊಂಡು ಪ್ರಯೋಗಾಲಯದ ಕಪಾಟಿನಲ್ಲಿ, ಪಟ್ಟಕಗಳು ಮತ್ತು ಮಸೂರಗಳ ಪಕ್ಕದಲ್ಲಿ ಇಟ್ಟೆ. ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಪರೀಕ್ಷೆ ಮುಗಿದ ಮೇಲೆ ಬೇಸಿಗೆ ರಜೆ ಬಂತು, ಮೈಸೂರಿಗೆ ಹೋದೆವು. ಜೂನಿನಲ್ಲಿ ಶಾಲೆ ಶುರುವಾದಾಗ ಆ ಪೆಟ್ಟಿಗೆ ನನ್ನ ಕಣ್ಣಿಗೆ ಕಪಾಟಿನದೇ ಒಂದು ಭಾಗವಾಗಿಬಿಟ್ಟಿತ್ತು.

ಅದನ್ನು ಗಮನಿಸಿದವಳು ಇನ್ನೊಬ್ಬ ಹುಡುಗಿ. ತಂದೆ ಬಾಗಲಕೋಟೆಯ ಕಡೆಯವರು, ಬ್ಯಾಂಕಿನಲ್ಲಿ ಮ್ಯಾನೇಜರು. ವರ್ಗದ ಮೇಲೆ ವರ್ಗವಾಗಿ ನಾಲ್ಕು ಶಾಲೆ ಸುತ್ತಿ, ವಡೋದರಾದಿಂದ ನಮ್ಮಲ್ಲಿಗೆ ಹನ್ನೊಂದನೇ ತರಗತಿಗೆ ಬಂದಿದ್ದಳು. ಶಿಬಿರದ ದಿನ ಅವಳ ಪಾಲಿಗೆ ಬಂದ ಕೆಲಸ ಕವರುಗಳಿಗಾಗಿ ಹೆಸರುಗಳನ್ನು ಬರೆಯುವುದು. ಫೋಟೊಗಳಲ್ಲಿ ಅವಳು ಇಲ್ಲ. ತರಗತಿಯಲ್ಲಿ ಮೂರನೇ ಸಾಲಿನ ಕಿಟಕಿ ಬದಿಗೆ ಕೂರುತ್ತಿದ್ದಳು, ಕೇಳಿದರೆ ಉತ್ತರ ಕೊಡುತ್ತಿದ್ದಳು. ಕನ್ನಡದವಳೆಂದು ತಿಳಿದ ಮೇಲೆ ಒಂಟಿಯಾಗಿ ಸಿಕ್ಕಾಗ ನಾವಿಬ್ಬರೂ ಕನ್ನಡದಲ್ಲಿ ಮಾತಾಡುತ್ತಿದ್ದೆವು. ಅವಳದು ಮನೆಯಲ್ಲಿ ಕೇಳಿ ಬಂದ ಭಾಷೆ, ನಡುವೆ ಹಿಂದಿ ನುಗ್ಗುತ್ತಿತ್ತು.

ಜುಲೈನಲ್ಲಿ ಮಸೂರದ ಪ್ರಯೋಗಕ್ಕೆ ಸಾಮಾನು ತೆಗೆಯುವಾಗ ಅವಳು ಕೇಳಿದಳು, "ಮ್ಯಾಮ್, ಈ ಡಬ್ಬಿ ಇನ್ನೂ ಇಲ್ಲೇ ಐತಲ್ರೀ?"

"ಮೇಲಿನ ಹಲಗೆಗೆ ಇಡು. ಆಮೇಲೆ ನೋಡೋಣ," ಎಂದೆ.

ಎರಡು ವಾರದ ನಂತರ ಮತ್ತೆ ಕೇಳಿದಳು. ಆಗ ಏನು ಹೇಳಿದೆನೋ ನನಗೆ ನೆನಪಿಲ್ಲ. ಅವಳಿಗೆ ನೆನಪಿದೆ. "ಈಗ ಬೇಡಮ್ಮ, ತಲೆ ತಿನ್ನಬೇಡ" ಎಂದಿದ್ದೆನಂತೆ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಗೇಟಿನ ಕಾವಲುಗಾರ ನನ್ನನ್ನು ಕರೆಸಿದ. ಐವತ್ತರ ಆಸುಪಾಸಿನ ಒಬ್ಬಾತ ಕೈಯಲ್ಲಿ ಕನ್ನಡಕದ ಕವರು ಹಿಡಿದು ನಿಂತಿದ್ದ.

"ಬೇನ್, ಕವರಿನ ಮೇಲೆ ಹೆಸರು ನನ್ನದೇ. ಗಾಜು ಬೇರೆ ಯಾರದೋ," ಎಂದು, ಅಕ್ಕ ಎನ್ನುವಂತೆ ಬೇನ್ ಎನ್ನುತ್ತಾ, ಗುಜರಾತಿಯಲ್ಲಿ ಹೇಳಿದ. "ಹಾಕಿಕೊಂಡರೆ ಉಜ್ಜುವ ಕಲ್ಲು ಎರಡೆರಡು ಕಾಣುತ್ತದೆ."

"ಯಾರು ಕೊಟ್ಟರು ನಿಮಗೆ ಇದನ್ನು?"

"ನಿಮ್ಮ ಶಾಲೆಯ ಹುಡುಗಿ. ತಾಯಿಯ ಜೊತೆ ಸ್ಕೂಟರಿನಲ್ಲಿ ಬಂದಿದ್ದಳು. ನಾನು ಹಳೇ ಕಾರ್ಖಾನೆ ಬಿಟ್ಟು ಬಹಳ ದಿನ ಆಯಿತು, ಕೇಳಿಕೊಂಡು ಕೇಳಿಕೊಂಡು ಹೊಸ ಜಾಗಕ್ಕೇ ಬಂದಳು. ಸರಿ ಇಲ್ಲದಿದ್ದರೆ ಶಾಲೆಗೆ ಬನ್ನಿ ಅಂದಿದ್ದಳು."

ಅವನ ಕವರು ಇಸಿದುಕೊಂಡು, ಸರಿಪಡಿಸಿ ಕಳುಹಿಸುತ್ತೇನೆ ಎಂದು ಹೇಳಿ ಪ್ರಯೋಗಾಲಯಕ್ಕೆ ಹೋದೆ. ಕಪಾಟು ತೆರೆದೆ. ಮೇಲಿನ ಹಲಗೆ ಖಾಲಿಯಾಗಿತ್ತು. ಎಷ್ಟು ದಿನದಿಂದ ಖಾಲಿಯಾಗಿತ್ತೋ ತಿಳಿಯಲಿಲ್ಲ.

ಕೊನೆಯ ಪೀರಿಯಡ್ ಮುಗಿದ ಮೇಲೆ ಹುಡುಗಿಯನ್ನು ಕರೆದೆ.

"ಪೆಟ್ಟಿಗೆ ಎಲ್ಲಿದೆ?"

"ಮನ್ಯಾಗ ಐತ್ರೀ ಮ್ಯಾಮ್."

"ನನ್ನನ್ನು ಕೇಳದೇ ತಗೊಂಡು ಹೋದೆಯಾ?"

"ಕೇಳಿದ್ನ್ರೀ. ಎರಡು ಸಲ. ಮೂರನೇ ಸಲ ಕೇಳಿದ್ರ ನಿಮಗ ಸಿಟ್ಟು ಬರ್ತಿತ್ತು," ಎಂದಳು.

ಅವಳ ದನಿಯಲ್ಲಿ ದೂರು ಇರಲಿಲ್ಲ. ನಾನು ಸ್ಟೂಲಿನ ಮೇಲೆ ಕುಳಿತೆ.

"ಎಷ್ಟು ಕೊಟ್ಟಾಯಿತು?"

"ಇನ್ನ ಹದಿನೆಂಟು ಉಳದಾವ್ರೀ. ಮತ್ಲಬ್, ಕೆಲವ್ರ ಫೋನ್ ಬಂದ್ ಅದಾವ. ಕೆಲವ್ರು ಗಾಂವ್ ಹೋಗ್ಯಾರ. ಇಬ್ಬರು ಬ್ಯಾರೆ ಚಷ್ಮಾ ಮಾಡಿಸ್ಕೊಂಡಾರ, ಇದು ಬ್ಯಾಡ ಅಂದ್ರು." ಬೆರಳು ಮಡಿಸುತ್ತಿದ್ದವಳು ನಿಲ್ಲಿಸಿದಳು. "ಒಬ್ಬರು ತೀರಿಕೊಂಡಾರ್ರೀ."

"ಅವರ ಮನೆಯವರು ಏನಂದರು?"

"ಅವರ ಹೆಂಡ್ತಿ ಇದ್ರು. ಇಟ್ಕೋತೀನಿ, ಕೊಡು ಅಂದ್ರು."

ಶನಿವಾರ ಟ್ಯೂಷನ್ ಮುಗಿದ ಮೇಲೆ ತಾಯಿಯನ್ನು ಕರೆದುಕೊಂಡು ವರಾಛಾಕ್ಕೆ ಹೋಗುತ್ತಿದ್ದಳು. ತಾಯಿಗೆ ಬರುವ ಗುಜರಾತಿ ತರಕಾರಿ ಕೊಳ್ಳುವಷ್ಟು. ಮಗಳು ಮೆಟ್ಟಿಲು ಹತ್ತಿ ಕಾರ್ಖಾನೆಯೊಳಗೆ ಹೋದಾಗ ತಾಯಿ ಬಾಗಿಲಲ್ಲೇ ನಿಂತಿರುತ್ತಿದ್ದರಂತೆ.

ಆ ವರ್ಷ ಅವಳೂ ಹೆಡ್ ಗರ್ಲೂ ಒಂದೇ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವವರಿದ್ದರು. ಇಬ್ಬರೂ ಪತ್ರಕ್ಕಾಗಿ ನನ್ನನ್ನೇ ಕೇಳಿದ್ದರು. ಹೆಡ್ ಗರ್ಲ್‌ಳ ಪತ್ರವನ್ನು ಆಗಸ್ಟ್ ಕೊನೆಯಲ್ಲೇ ಕಳುಹಿಸಿಯಾಗಿತ್ತು. ಅವಳ ಮುಂದಾಳುತನದಿಂದ ಅರವತ್ತಕ್ಕೂ ಹೆಚ್ಚು ವಜ್ರ ಕಾರ್ಮಿಕರಿಗೆ ಕನ್ನಡಕ ದೊರೆಯಿತು ಎಂದು ಅದರಲ್ಲಿ ಬರೆದಿದ್ದೆ. ಬರೆಯುವಾಗ ಪೆಟ್ಟಿಗೆಯ ನೆನಪು ಬಂದಿರಲಿಲ್ಲ. ಅವಳೂ ತನ್ನ ಪ್ರಬಂಧದಲ್ಲಿ ಹಾಗೆಯೇ ಬರೆದಿದ್ದಳು. ಕನ್ನಡಕ ಬಂದವು, ಶಾಲೆಯವರು ಹಂಚಿದರು ಎಂದೇ ಅವಳು ನಂಬಿದ್ದಳು. ಹಂಚಬೇಕಾಗಿದ್ದವಳು ನಾನು.

ಅಕ್ಟೋಬರಿನ ಒಂದು ಭಾನುವಾರ ಬೆಳಿಗ್ಗೆ ಹುಡುಗಿಯ ತಂದೆ ನಮ್ಮ ಮನೆಗೆ ಬಂದರು. ಕಾಫಿ ಕೊಟ್ಟರೆ ಲೋಟ ಕೈಯಲ್ಲೇ ಹಿಡಿದು ಕುಳಿತರು.

"ಮೇಡಮ್ಮಾರ, ನಿನ್ನೆ ನಿಮ್ಮ ಸಲಹೆಗಾರರು ನನ್ನ ಕರೆಸಿದ್ರು. ನಿಮ್ಮ ಮಗಳ ಅರ್ಜ್ಯಾಗ ಎದ್ದು ಕಾಣೂದು ಏನೂ ಇಲ್ಲ ಅಂದ್ರು. ಮಾರ್ಕ್ಸ್ ಅದಾವ, ಬ್ಯಾರೆ ಏನೂ ಇಲ್ಲ ಅಂತ."

"ಅವರು ಎಲ್ಲರಿಗೂ ಹಾಗೇ ಹೇಳುತ್ತಾರೆ."

"ಇಲ್ರೀ, ಖರೇ ಐತಿ. ನಾಕು ಸಾಲಿ ಬದಲಿ ಆಗ್ಯಾವ. ಒಂದು ಸಾಲ್ಯಾಗ ಆಕಿ ಗುರುತು ಹಿಡ್ಯೂದ್ರಾಗ ನನಗ ವರ್ಗ ಬರ್ತದ. ಲೀಡರ್ ಆಗೂದು ಎಲ್ಲಿಂದ?" ಕಾಫಿ ಆರುತ್ತಿತ್ತು. "ಆ ಚಷ್ಮಾದ ವಿಷಯ ಬರೀ ಅಂತ ನಾನೂ ಹೇಳಿದೆ, ಅವರವ್ವನೂ ಹೇಳಿದ್ಲು. ಒಲ್ಲೆ ಅಂತಾಳ್ರೀ. ನೀವರ ಹೇಳ್ರಿ."

ಮರುದಿನ ನಾನು ಅವಳನ್ನು ಕೇಳಿದೆ. ಅವಳು ತಂತಿಯ ಸುರುಳಿಯೊಂದನ್ನು ಬಿಚ್ಚಿ ಮತ್ತೆ ಸುತ್ತಿದಳು.

"ನಾ ಬರದ್ರ ಉಳಿದವ್ರು ಸುಳ್ಳು ಬರದಾರ ಅಂತ ಆಗ್ತದ್ರೀ. ಅವ್ರಿಗೆ ಪಾಪ ಗೊತ್ತೇ ಇಲ್ಲ."

"ಅದೊಂದೇ ಕಾರಣವಾ?"

"ಮತ್ತ... ಬರದ್ರ ಅದಕ್ಕೇ ಮಾಡಿದ್ದು ಅಂತ ಅನಸ್ತದ. ನಾ ಅದಕ್ಕ ಮಾಡಿಲ್ಲ."

"ಹಾಗಾದರೆ ಯಾಕೆ ಮಾಡಿದೆ?"

ಅದು ಕೇಳಬೇಕಾದ ಪ್ರಶ್ನೆಯೇ ಅಲ್ಲ ಎನ್ನುವ ಹಾಗೆ ನನ್ನನ್ನು ನೋಡಿದಳು. "ಕವರ್ ಮ್ಯಾಲ ಹೆಸರು ಇದ್ದುವಲ್ರೀ."

ನೀವೂ ಬರೆಯಬೇಡಿ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕೆಂದು ಅವಳಿಗೆ ಹೊಳೆದಿರಲಿಕ್ಕಿಲ್ಲ. ಆಮೇಲೆ ನಾನು ಈ ಸಂಗತಿಯನ್ನೇ ಹಿಡಿದುಕೊಂಡು ನನ್ನನ್ನು ಸಮರ್ಥಿಸಿಕೊಂಡೆ.

ಪ್ರಬಂಧದಲ್ಲಿ ಅವಳು ನಾಲ್ಕು ಶಾಲೆಗಳ ಬಗ್ಗೆ ಬರೆದಳು. ಪ್ರತಿ ಹೊಸ ಶಾಲೆಯಲ್ಲಿ ಮೊದಲ ದಿನ ಖಾಲಿ ಇರುವ ಬೆಂಚು ಯಾವುದೆಂದು ಹೇಗೆ ಗೊತ್ತಾಗುತ್ತದೆ ಎಂಬುದನ್ನು ವಿವರಿಸಿದ್ದಳು. ಸಲಹೆಗಾರರು ಓದಿ, ಚೆನ್ನಾಗಿದೆ, ಆದರೆ ಇದರಲ್ಲಿ ನೀನು ಏನೂ ಮಾಡುವುದಿಲ್ಲವಲ್ಲ ಎಂದರಂತೆ.

ಅವಳ ಪತ್ರವನ್ನು ನಾನು ದೀಪಾವಳಿ ರಜೆಯಲ್ಲಿ ಬರೆದೆ. ಹಳೆಯ ವಾಕ್ಯಗಳನ್ನು ತೆಗೆದಿಟ್ಟುಕೊಂಡು ಕುಳಿತರೆ ಒಂದೂ ಅವಳಿಗೆ ಹೊಂದಲಿಲ್ಲ. ಕೊನೆಗೆ ನಡೆದದ್ದನ್ನೇ ಬರೆದೆ. ಕನ್ನಡಕಗಳು ಬಂದದ್ದು, ನಾನು ಮರೆತದ್ದು, ಅವಳು ಎರಡು ಸಲ ಕೇಳಿದ್ದು, ನಾನು ಗದರಿದ್ದು, ಆಮೇಲೆ ಅವಳು ಒಂದೊಂದೇ ಕವರು ಹಿಡಿದು ಜನರನ್ನು ಹುಡುಕಿದ್ದು. ತಪ್ಪು ನನ್ನದು, ಮಕ್ಕಳದಲ್ಲ ಎಂದೂ ಸೇರಿಸಿದೆ. ಕಳುಹಿಸಿದ ಮೇಲೆ ಮನಸ್ಸು ಹಗುರವಾಯಿತು. ಆ ಹಗುರವನ್ನು ನಾನು ಆಗ ಪ್ರಾಮಾಣಿಕತೆ ಎಂದು ತಿಳಿದೆ.

ಹೆಡ್ ಗರ್ಲ್‌ಗೆ ವಿಷಯ ಹೇಳಬೇಕಿತ್ತು. ರಜೆ ಮುಗಿಯಲಿ ಎಂದುಕೊಂಡೆ. ಆಮೇಲೆ ಪೂರ್ವಸಿದ್ಧತಾ ಪರೀಕ್ಷೆ ಬಂತು.

ಇಬ್ಬರಿಗೂ ಸಂದರ್ಶನಕ್ಕೆ ಕರೆ ಬಂತು. ಬೇರೆ ಬೇರೆ ಊರುಗಳಲ್ಲಿ ಸಂದರ್ಶನ ಇಟ್ಟುಕೊಂಡಿದ್ದರು, ನಮ್ಮ ಕಡೆಯವರಿಗೆ ಅಹಮದಾಬಾದು. ಹುಡುಗಿಯ ತಂದೆಯ ಬ್ಯಾಂಕಿಗೆ ಅದೇ ವಾರ ಲೆಕ್ಕ ಪರಿಶೋಧಕರು ಬಂದಿದ್ದರು. ತಾಯಿ ಫೋನು ಮಾಡಿ, "ಮಗಳನ್ನ ಕರ್ಕೊಂಡು ನಾ ಒಬ್ಬಾಕಿನ ಹೋಗಾಕ ಧೈರ್ಯ ಸಾಲದ್ರೀ, ನೀವೂ ಬರ್ತೀರೇನು?" ಎಂದರು. ಹೋದೆ.

ಬೆಳಗಿನ ರೈಲಿನಲ್ಲಿ ಹುಡುಗಿ ಕಿಟಕಿಗೆ ತಲೆಯಾನಿಸಿ ಕುಳಿತಿದ್ದಳು. ವಡೋದರಾ ಬಂದಾಗ ಮಾತ್ರ ನೆಟ್ಟಗಾಗಿ ಪ್ಲಾಟ್‌ಫಾರಂ ನೋಡಿದಳು. ತಾಯಿಯ ತಮ್ಮ ಅಹಮದಾಬಾದಿನ ನರೋಡಾದ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. ಸ್ಟೇಷನ್ನಿನಿಂದ ಅವರ ಮನೆಗೆ ಹೋಗಿ ರೊಟ್ಟಿ, ಹೆಸರುಕಾಳಿನ ಪಲ್ಯ ಉಂಡೆವು. ಹೊರಗಿನ ಗಾಳಿಯಲ್ಲಿ ಮೂಗು ಉರಿಯುವ ವಾಸನೆ ಇತ್ತು. ಸೋದರಮಾವ ಹುಡುಗಿಗೆ, "ಹೆದರಬ್ಯಾಡ. ಗೊತ್ತಿದ್ದದ್ದು ಹೇಳು, ಗೊತ್ತಿಲ್ಲದ್ದು ಗೊತ್ತಿಲ್ಲ ಅನ್ನು," ಎಂದರು.

ಸಂದರ್ಶನ ನಡೆದದ್ದು ಹೋಟೆಲೊಂದರ ಸಭಾಂಗಣದಲ್ಲಿ. ಹೆಡ್ ಗರ್ಲ್ ತಂದೆತಾಯಿಯ ಜೊತೆ ಮೊದಲೇ ಬಂದು ಕುಳಿತಿದ್ದಳು. ನನ್ನನ್ನು ನೋಡಿ ಎದ್ದು ಬಂದು ಕೈ ಹಿಡಿದು, "ಮ್ಯಾಮ್, ನೀವು ಬಂದದ್ದು ಒಳ್ಳೆಯದಾಯಿತು," ಎಂದಳು. ಆಗಲೂ ಹೇಳಲಿಲ್ಲ. ಹೇಳಲು ಹತ್ತು ನಿಮಿಷ ಇತ್ತು.

ಅವಳನ್ನು ಮೊದಲು ಕರೆದರು. ಹೊರಗೆ ಬಂದಾಗ ಅವಳ ಮುಖ ಕೆಂಪಾಗಿತ್ತು. ನೇರ ನನ್ನ ಬಳಿಗೆ ಬಂದಳು.

"ಕನ್ನಡಕ ಹಂಚಿರಲಿಲ್ಲವಾ ಮ್ಯಾಮ್?"

"ಇಲ್ಲ. ನನ್ನಿಂದ ಉಳಿದುಹೋಗಿತ್ತು."

"ಅವರು ಕೇಳಿದರು. ನನಗೆ ಗೊತ್ತಿಲ್ಲ ಅಂದೆ. ನಾನು ಸಂಘಟಕಿ ಅಂತ ಬರೆದುಕೊಂಡಿದ್ದೇನೆ, ನನಗೇ ಗೊತ್ತಿಲ್ಲ." ಅಷ್ಟು ಹೇಳಿ ತಾಯಿಯ ಪಕ್ಕ ಹೋಗಿ ಕುಳಿತಳು. ಅವಳ ತಂದೆ ಏನಾಯಿತು ಎಂದು ಕೇಳುತ್ತಿದ್ದದ್ದು ಕೇಳಿಸಿತು.

ಆಮೇಲೆ ನಮ್ಮ ಹುಡುಗಿ ಒಳಗೆ ಹೋದಳು. ಬೇಗನೇ ಮುಗಿಯಿತು. ಬಂದು ತಾಯಿಗೆ "ನಡಿ" ಎಂದಳು.

ವಾಪಸ್ಸು ರೈಲು ಆಣಂದ್ ದಾಟಿತು. ತಾಯಿ ತೂಕಡಿಸುತ್ತಿದ್ದರು. ಎದುರು ಸೀಟಿನ ಕುಟುಂಬ ಥೇಪ್ಲಾ ಎಂಬ ಮೆಂತ್ಯದ ರೊಟ್ಟಿಯ ಪೊಟ್ಟಣ ಬಿಚ್ಚಿ ನಮಗೂ ಕೊಟ್ಟಿತು. ಹುಡುಗಿ ತನ್ನದನ್ನು ಕೈಯಲ್ಲೇ ಇಟ್ಟುಕೊಂಡಿದ್ದಳು.

"ನೀವು ಬರದೀರಿ," ಎಂದಳು ಕೊನೆಗೆ.

"ಬರೆದೆ. ನಿನಗೆ ಒಳ್ಳೆಯದಾಗಲಿ ಅಂತ."

"ನನಗೇನ್ರೀ?"

ಉತ್ತರಕ್ಕೆ ಕಾಯದೆ ಅವಳೇ ಮುಂದುವರಿಸಿದಳು.

"ಅವರು ಕೇಳಿದ್ರು, ಇದರಿಂದ ನೀ ಏನು ಕಲ್ತಿ ಅಂತ. ನಾ ಏನೂ ಕಲ್ತಿಲ್ಲ ಅಂದೆ. ಹದಿನಾಕು ಇನ್ನೂ ಉಳದಾವ ಅಂದೆ. ಮತ್ತ ಯಾಕ ಪ್ರಬಂಧದಾಗ ಬರೀಲಿಲ್ಲ ಅಂತ ಕೇಳಿದ್ರು. ಅದು ಹೇಳಾಕ ಬರ್ಲಿಲ್ಲ." ಥೇಪ್ಲಾವನ್ನು ಮಡಿಸಿ ಕಾಗದದೊಳಗೆ ಇಟ್ಟಳು. "ಒಂದು ಸಲ ನನ್ನ ಕೇಳಬೇಕಾಗಿತ್ತು, ಮ್ಯಾಮ್."

ತಾಯಿಗೆ ಎಚ್ಚರವಾಗಿತ್ತೆಂದು ಕಾಣುತ್ತದೆ. ಕಣ್ಣು ಮುಚ್ಚಿಕೊಂಡೇ ಇದ್ದರು.

ತಪ್ಪಾಯಿತು ಎಂದು ನಾನು ಆಗ ಹೇಳಲಿಲ್ಲ. ಅವಳಿಗಿಂತ ಮೂವತ್ತು ವರ್ಷ ದೊಡ್ಡವಳಾದ ನಾನು ಸೂರತ್ ಬರುವವರೆಗೆ ಕಿಟಕಿಯ ಹೊರಗೆ ನೋಡಿದೆ. ಅವಳ ಮಾತಿನಲ್ಲಿ ನನಗೆ ಸ್ಪಷ್ಟವಾದದ್ದು ಒಂದೇ. ತಪ್ಪು ಒಪ್ಪಿಕೊಳ್ಳಲು ನಾನು ಪ್ರಾಂಶುಪಾಲರ ಬಳಿ ಹೋಗಬಹುದಿತ್ತು, ವರಾಛಾಕ್ಕೆ ಹೋಗಬಹುದಿತ್ತು, ಹೆಡ್ ಗರ್ಲ್‌ಳನ್ನು ಕೂರಿಸಿಕೊಂಡು ಹೇಳಬಹುದಿತ್ತು. ಅದ್ಯಾವುದನ್ನೂ ಮಾಡದೆ, ನೋಡದ ಊರಿನ, ಕಾಣದ ಜನಕ್ಕೆ ಬರೆದು ಕಳುಹಿಸಿದ್ದೆ, ಅದೂ ಅವಳ ಅರ್ಜಿಯ ಜೊತೆಗೆ.

ಸೋಮವಾರ ಪ್ರಾಂಶುಪಾಲರು ಕರೆಸಿದರು. ಹೆಡ್ ಗರ್ಲ್‌ಳ ತಂದೆ ಬಂದು ಹೋಗಿದ್ದರು. "ನಿಜ ಹೇಳಬೇಡಿ ಅನ್ನುವುದಿಲ್ಲ. ಮೊದಲು ನನಗೆ ಹೇಳಬೇಕಿತ್ತು," ಎಂದರು. ಅದೂ ಸರಿಯೇ. ಲಿಖಿತ ವಿವರಣೆ ಕೊಟ್ಟೆ. ಶಿಬಿರಗಳ ಉಸ್ತುವಾರಿಯನ್ನು ಬೇರೆಯವರಿಗೆ ವಹಿಸಿದರು. ಮುಂದಿನ ಕೈಪಿಡಿಯಲ್ಲಿ ಶಿಬಿರದ ಫೋಟೊಗಳು ಬರಲಿಲ್ಲ.

ಆ ವಾರವೇ ಒಂದು ದಿನ ಹೆಡ್ ಗರ್ಲ್ ಪ್ರಯೋಗಾಲಯದ ಬಾಗಿಲಲ್ಲಿ ನಿಂತಿದ್ದಳು. ನನ್ನ ಮೇಲಿನ ಕೋಪ ಮುಖದಲ್ಲಿ ಹಾಗೇ ಇತ್ತು.

"ಉಳಿದ ಹದಿನಾಲ್ಕು ಯಾರ ಹತ್ತಿರ ಇವೆ?"

ಹೇಳಿದೆ. ಆ ಭಾನುವಾರ ಇಬ್ಬರು ಹುಡುಗಿಯರೂ ವರಾಛಾಕ್ಕೆ ಹೋಗುವುದೆಂದು ಗೊತ್ತುಮಾಡಿಕೊಂಡರು. ನಾನೂ ಬರಲಾ ಎಂದು ಕೇಳಿದೆ. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಬನ್ನಿ" ಎಂದವಳು ಬಾಗಲಕೋಟೆಯ ಹುಡುಗಿ.

ವರಾಛಾದ ಆ ಗಲ್ಲಿಗಳಿಗೆ ನಾನು ಶಿಬಿರದ ದಿನವೂ ಕಾಲಿಟ್ಟಿರಲಿಲ್ಲ. ಭಾನುವಾರವಾದ್ದರಿಂದ ಹಲವು ಕಾರ್ಖಾನೆ ಮುಚ್ಚಿದ್ದವು. ಕಿರಿದಾದ ಮೆಟ್ಟಿಲು ಹತ್ತಿ ಮೂರನೇ ಮಹಡಿಗೆ ಹೋದರೆ ಒಂದು ಕಡೆ ಕೆಲಸ ನಡೆಯುತ್ತಿತ್ತು. ತಿರುಗುವ ತಟ್ಟೆಯ ಸುತ್ತ ನಾಲ್ಕು ನಾಲ್ಕು ಜನ ಕುಳಿತು ಕಲ್ಲು ಒತ್ತಿ ಹಿಡಿಯುತ್ತಿದ್ದರು, ಎತ್ತಿ ಭೂತಗನ್ನಡಿಯಲ್ಲಿ ನೋಡಿ ಮತ್ತೆ ಒತ್ತುತ್ತಿದ್ದರು. ಹೆಡ್ ಗರ್ಲ್ ತನ್ನ ಸರಾಗ ಗುಜರಾತಿಯಲ್ಲಿ ಒಂದೊಂದೇ ಹೆಸರು ಕೇಳಿದಳು. ಅವಳು ಮಾತಾಡುವ ಹುಡುಗಿ. ಐದು ನಿಮಿಷದಲ್ಲಿ ಇಡೀ ಮಹಡಿ ಅವಳಿಗೆ ಸಹಾಯ ಮಾಡತೊಡಗಿತು. ಒಬ್ಬ ಇನ್ನೊಬ್ಬನಿಗೆ ಫೋನು ಮಾಡಿದ, ಅವನು ಮತ್ತೊಬ್ಬನ ಮನೆಯ ದಾರಿ ಹೇಳಿದ.

ಮಧ್ಯಾಹ್ನದ ಹೊತ್ತಿಗೆ ಮೂವರು ಸಿಕ್ಕರು. ಮೂರನೆಯವರಿಗೆ ಕನ್ನಡಕವನ್ನು ನಾನೇ ಕೊಟ್ಟೆ. ತಡವಾಯಿತು, ನನ್ನ ತಪ್ಪು ಎಂದೆ. ಆತ ಹಾಕಿಕೊಂಡು ಅಂಗೈಯ ಗೆರೆಗಳನ್ನು ನೋಡಿದ, ಗೋಡೆಯ ಕ್ಯಾಲೆಂಡರ್ ನೋಡಿದ. "ಪರವಾಗಿಲ್ಲ ಬೇನ್, ಚೆನ್ನಾಗಿದೆ," ಎಂದು ತೆಗೆದು ಜೇಬಿಗಿಟ್ಟುಕೊಂಡು ಕೆಲಸಕ್ಕೆ ಕುಳಿತ. ಉಳಿದ ಹನ್ನೊಂದು ಜನ ಆ ದಿನ ಸಿಗಲಿಲ್ಲ. ಆಮೇಲೂ ಎಲ್ಲರೂ ಸಿಗಲಿಲ್ಲ.

ಇಳಿದು ಬರುವಾಗ ಹೆಡ್ ಗರ್ಲ್ ತನ್ನ ಗೆಳತಿಯನ್ನು ಕೇಳಿದಳು, "ನನಗೆ ಯಾಕೆ ಹೇಳಲಿಲ್ಲ?"

"ನಿನ್ನ ಪ್ರಬಂಧ ಆಗಲೇ ಮುಗಿದಿತ್ತು," ಎಂದಳು ಇವಳು ಹಿಂದಿಯಲ್ಲಿ.

ಏಪ್ರಿಲ್ ಮೊದಲಲ್ಲಿ ಫಲಿತಾಂಶ ಬಂತು. ಹೆಡ್ ಗರ್ಲ್ ಆಯ್ಕೆಯಾದಳು. ಸಂದರ್ಶನದಲ್ಲಿ ನನಗೆ ಗೊತ್ತಿಲ್ಲ ಎಂದು ನೇರವಾಗಿ ಹೇಳಿದ್ದು ಅವರಿಗೆ ಹಿಡಿಸಿರಬೇಕು ಎಂದು ಸಲಹೆಗಾರರು ಅಂದಾಜು ಮಾಡಿದರು. ನಮ್ಮ ಹುಡುಗಿಯ ಹೆಸರು ಕಾಯುವ ಪಟ್ಟಿಯಲ್ಲಿತ್ತು. ಪಟ್ಟಿ ಅವಳವರೆಗೆ ಬರಲಿಲ್ಲ. ನನ್ನ ಪತ್ರ ಅವಳಿಗೆ ಸಹಾಯ ಮಾಡಿತೋ, ಅಡ್ಡ ಬಂತೋ, ಎರಡೂ ಇಲ್ಲವೋ, ತಿಳಿಯುವ ದಾರಿ ಇಲ್ಲ. ಅವಳ ತಂದೆ ಫೋನು ಮಾಡಿ, "ಇರ್ಲಿ ಬಿಡ್ರಿ ಮೇಡಮ್ಮಾರ, ಸಂದರ್ಶನದ ತನಕ ಹೋದ್ಲಲ್ಲ," ಎಂದರು. ನನ್ನನ್ನು ಸಮಾಧಾನ ಮಾಡುವ ಹಾಗಿತ್ತು ಅವರ ದನಿ.

ಅವಳು ವಡೋದರಾದ ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ.ಗೆ ಸೇರಿದಳು. ಆ ಊರು ಅವಳಿಗೆ ಗೊತ್ತಿದ್ದದ್ದೇ. ಹಳೆಯ ಶಾಲೆಯ ಇಬ್ಬರು ಗೆಳತಿಯರೂ ಅಲ್ಲೇ ಇದ್ದರು.

ಮರುವರ್ಷ ಡಿಸೆಂಬರಿನಲ್ಲಿ ನಮ್ಮ ಹಳೆಯ ನೆರೆಮನೆಯವರ ಮಗಳ ಮದುವೆಗೆಂದು ವಡೋದರಾಕ್ಕೆ ಹೋಗಿದ್ದೆ. ಬರುತ್ತೇನೆ ಎಂದು ಅವಳಿಗೆ ಮೆಸೇಜು ಹಾಕಿದ್ದೆ, ಉತ್ತರ ಬರುತ್ತದೆಂದು ಖಾತ್ರಿ ಇರಲಿಲ್ಲ. ಹತ್ತು ನಿಮಿಷದಲ್ಲಿ ಬಂತು. ಫತೇಗಂಜ್‌ನಲ್ಲಿ ಅವಳ ಹಾಸ್ಟೆಲಿನ ಹತ್ತಿರ ವಿದ್ಯಾರ್ಥಿಗಳು ತುಂಬಿರುವ ಒಂದು ತಿಂಡಿ ಅಂಗಡಿಗೆ ಕರೆದಳು. ಕೂದಲು ಗಿಡ್ಡ ಮಾಡಿಸಿದ್ದಳು. ಮೂರು ಜನರ ಜೊತೆ ಗಟ್ಟಿಯಾಗಿ ನಗುತ್ತಾ ಬಂದು, ಅವರನ್ನು ಬೇರೆ ಮೇಜಿಗೆ ಕಳುಹಿಸಿ ನನ್ನೆದುರು ಕುಳಿತಳು.

ಬಟಾಣಿ ಸಾರಿನ ಮೇಲೆ ಖಾರದ ಸೇವ್ ಉದುರಿಸಿದ ಸೇವ್ ಉಸಳ್ ಬಂತು. ಮೆಸ್ಸಿನ ಊಟ, ಸೂಕ್ಷ್ಮಜೀವಿ ಪ್ರಯೋಗಾಲಯ, ತಂದೆಗೆ ಮತ್ತೆ ಬಂದಿದ್ದ ವರ್ಗದ ಸುದ್ದಿ ಎಲ್ಲ ಹೇಳಿದಳು. ನಾನು ಚಮಚ ಕೆಳಗಿಟ್ಟು, ರೈಲಿನಲ್ಲಿ ಹೇಳಬೇಕಿದ್ದದ್ದನ್ನು ಹೇಳಿದೆ. "ಅವತ್ತು ನಿನ್ನನ್ನು ಕೇಳದೆ ಬರೆದದ್ದು ತಪ್ಪು. ನನ್ನ ಮನಸ್ಸಿನ ಭಾರ ಇಳಿಸಿಕೊಳ್ಳುವುದಕ್ಕೆ ಬರೆದೆ."

"ಗೊತ್ತಿತ್ರೀ," ಎಂದಳು. "ಬಾಳ ಸಿಟ್ಟು ಬಂದಿತ್ತು. ಈಗ ಇಲ್ಲ. ಪೂರಾ ಇಲ್ಲ ಅಂತ ಅಲ್ಲ."

"ಸರಿ."

"ಮ್ಯಾಮ್, ನಿಮ್ಮಿಂದ ಒಂದು ಪತ್ರ ಬೇಕಾಗಿತ್ತು." ಅಹಮದಾಬಾದಿನ ಒಂದು ಸಂಶೋಧನಾಲಯದಲ್ಲಿ ಬೇಸಿಗೆಯ ಎರಡು ತಿಂಗಳು ಕೆಲಸ ಕಲಿಯಲು ಅರ್ಜಿ ಹಾಕುವವಳಿದ್ದಳು. ಇಲ್ಲಿನ ಪ್ರಾಧ್ಯಾಪಕರೊಬ್ಬರು ಕೊಡುತ್ತಾರಂತೆ, ಶಾಲೆಯವರದೊಂದೂ ಇರಬೇಕಂತೆ. "ಆದ್ರ ಈ ಸಲ ಕಳಸೂದಕ್ಕಿಂತ ಮೊದಲು ನಾ ಓದ್ತೀನಿ."

"ಇಲ್ಲೇ ಬರೆಯೋಣವಾ?"

ಅವಳು ಗೆಳತಿಯ ಬಳಿಯಿಂದ ನೋಟುಪುಸ್ತಕದ ಒಂದು ಹಾಳೆ ಹರಿದು ತಂದಳು. ನಾನು ಬರೆಯುತ್ತಾ ಹೋದೆ, ಅವಳು ಎದುರಿನಿಂದ ಅಕ್ಷರಗಳನ್ನು ತಲೆಕೆಳಗಾಗಿಯೇ ಓದುತ್ತಿದ್ದಳು. ಪರಿಶ್ರಮ ಎಂದು ಬರೆದದ್ದನ್ನು ಬೆರಳಿಟ್ಟು ತೋರಿಸಿ, ಅದು ಎಲ್ಲರಿಗೂ ಬರೀತಾರ ಎಂದಳು. ಹೊಡೆದು ಹಾಕಿದೆ. ಉಪಕರಣಗಳನ್ನು ಬಳಸಿದ ಮೇಲೆ ತೊಳೆದು ಒರೆಸಿ ಅದರದರ ಜಾಗದಲ್ಲಿ ಇಡುತ್ತಾಳೆ, ತಾನು ಕಂಡ ಅಳತೆಯನ್ನೇ ಬರೆಯುತ್ತಾಳೆ, ಪುಸ್ತಕದಲ್ಲಿರುವ ಉತ್ತರಕ್ಕೆ ಹೊಂದಿಸುವುದಿಲ್ಲ ಎಂದು ಬರೆದೆ. ಅದನ್ನು ಓದಿ ತಲೆಯಾಡಿಸಿದಳು. ವರಾಛಾದ ಬಗ್ಗೆ ನಾನು ಬರೆಯಲಿಲ್ಲ, ಅವಳೂ ಎತ್ತಲಿಲ್ಲ. ಮೂರೂವರೆಗೆ ಅವಳಿಗೆ ಪ್ರಾಕ್ಟಿಕಲ್ ಇತ್ತು. ಹಾಳೆಯ ಫೋಟೊ ತೆಗೆದುಕೊಂಡು, ಬ್ಯಾಗು ಹೆಗಲಿಗೇರಿಸಿ, ಟೈಪು ಮಾಡಿದ ಮೇಲೆ ನನಗೆ ಕಳುಹಿಸಿರಿ, ಇನ್ನೊಮ್ಮೆ ನೋಡುತ್ತೇನೆ ಎಂದು ಹೇಳಿ ಗೆಳತಿಯರ ಜೊತೆ ರಸ್ತೆ ದಾಟಿದಳು.